ತಾಡಪತ್ರಿಯ ತಾಳ್ಮೆ

ತಮ್ಮಾ, ಮೊಬೈಲ್ ಕೊಳ್ಳಲು ನಾಲ್ಕು ಅಂಗಡಿ ತಿರುಗಿ ನಮ್ಮ ಜೀವ ತಿನ್ನುತ್ತೀ. ತಾಡಪತ್ರಿ ಬೇಕಾದರೆ ಮಾತ್ರ ಶಹಾಪುರ ಸಂತೆಯಲ್ಲಿ ಬಣ್ಣ ನೋಡಿ, ರೇಟು ಕೇಳಿ, ಹೆಗಲಿಗೇರಿಸಿ ಬಂದುಬಿಡುತ್ತೀ. ಬೇಸಿಗೆ ಕಳೆಯುವುದರೊಳಗೆ ಅದು ಪುಡಿಪುಡಿಯಾದರೆ ಅಂಗಡಿಯವನಿಗೆ ಬೈಗುಳ. ಬುದ್ಧಿವಂತ ಹುಡುಗ ನೀನು, ಅವಸರ ಜಾಸ್ತಿ.

ನಮ್ಮ ಯಾದಗಿರಿ, ಸುರಪುರದ ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ (ಯುವಿ) ಕಿರಣವಿದೆ. ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿ ಕಡಿಯುವುದು ಅದೇ. ತಡೆಯಲೆಂದು ಬೆಂಜೊಫಿನೋನ್, ಬೆಂಜೊಟ್ರಯಜೋಲ್ ಜಾತಿಯ ಔಷಧ ಬೆರೆಸುತ್ತಾರೆ. ಅವುಗಳದ್ದು ನಿನ್ನ ಅಜ್ಜಿಯ ಸ್ವಭಾವ. ನನ್ನ ಸಿಟ್ಟನ್ನೆಲ್ಲ ನುಂಗಿ ಮರುಗಳಿಗೆ ರೊಟ್ಟಿ ಬಡಿಯಲು ಕೂಡುತ್ತಿದ್ದಳಲ್ಲ, ಹಾಗೆ ಈ ಅಣುಗಳೂ ಕಿರಣ ನುಂಗಿ, ತಮ್ಮೊಳಗಿನ ಹೈಡ್ರೋಜನ್ನನ್ನು ಅತ್ತಿತ್ತ ಸರಿಸಿ, ನುಂಗಿದ್ದನ್ನು ಶಾಖವಾಗಿ ಬಿಟ್ಟು ಮೊದಲಿನಂತಾಗುತ್ತವೆ. ಆದರೆ ತಾಳ್ಮೆಗೂ ಮಿತಿಯುಂಟು. ಲಕ್ಷಾಂತರ ಸಲ ನುಂಗಿದ ಮೇಲೆ ಯಾವಾಗಲೋ ಒಮ್ಮೆ ಅಣುವೇ ಮುರಿಯುತ್ತದೆ. ಕೆಲವು ಮೇಲಕ್ಕೆ ಜಿನುಗಿ ಮಳೆಗೆ ತೊಳೆದುಹೋಗುತ್ತವೆ.

ಅರ್ಧ ಔಷಧ ಉಳಿದರೆ ಅರ್ಧ ಕಾವಲು ಉಳಿಯಿತೆಂದು ಲೆಕ್ಕ ಹಾಕಬೇಡ. ನೂರಕ್ಕೆ 1 ಪಾಲು ಕಿರಣ ಬಿಡುತ್ತಿದ್ದ ಹಾಳೆ, ಔಷಧ ಅರ್ಧಕ್ಕಿಳಿದಾಗ 10 ಪಾಲು ಬಿಡುತ್ತದೆ. ಅದಕ್ಕೇ ನೀನು 'ನಿನ್ನೆವರೆಗೂ ಚೆನ್ನಾಗಿತ್ತು' ಅನ್ನುವುದು! ತೆಳ್ಳಗಿನ ಹಾಳೆಯ ಗತಿಯೂ ಇದೇ: ದಪ್ಪ ಅರ್ಧವಾದರೆ ಔಷಧವೂ ಅರ್ಧ. ಇನ್ನು ಬಿಸಿಲಿಗೆ ಮುಖ ಕೊಟ್ಟ ಮೇಲ್ಮೈಯನ್ನಂತೂ ನುಂಗುವ ಔಷಧ ಪೂರ್ತಿ ಕಾಯಲಾರದು. ಹಾಗಾಗಿ ಬಲ್ಲವರು ತೆಳು ಹಾಳೆಗೆ ಹಾಲ್ಸ್ ಎಂಬ ಇನ್ನೊಂದು ಔಷಧ ಹಾಕುತ್ತಾರೆ. ಅದು ಬೆಳಕನ್ನು ನುಂಗುವುದಿಲ್ಲ, ಬೆಳಕು ಹುಟ್ಟಿಸಿದ ಪುಂಡ ತುಣುಕುಗಳನ್ನು ಹಿಡಿದು ಹಾಕುತ್ತದೆ. ಗಂಧಕವೆಂದರೆ ಮಾತ್ರ ಅದಕ್ಕೆ ಆಗದು. ಮೆಣಸಿನಗಿಡದ ಬೂದಿರೋಗಕ್ಕೆ ತಂದ ಗಂಧಕದ ಚೀಲವನ್ನು ಅದೇ ತಾಡಪತ್ರಿಯಲ್ಲಿ ಸುತ್ತಿಡುತ್ತೀಯಲ್ಲ, ನಿಲ್ಲಿಸು.

ಬಿಸಿಲಿಗೆ ಇನ್ನೊಂದು ಕಾವಲೂ ಉಂಟು. ಹನಿ ನೀರಾವರಿಯ ಪೈಪು ಕಪ್ಪಗಿರುವುದು ಅಂದಕ್ಕಲ್ಲ. ಅದರಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಕಾರ್ಬನ್ ಮಸಿ ಇರುತ್ತದೆ. ಬಿಸಿಲು ತಡೆಯುವುದರಲ್ಲಿ ಈ ಮಸಿಯಷ್ಟು ಗಟ್ಟಿಗ ಸಿಗುವುದು ಅಪರೂಪ.

ತಾಡಪತ್ರಿ ಕೊಳ್ಳುವಾಗ ಚದರ ಮೀಟರಿಗೆ ಎಷ್ಟು ಗ್ರಾಂ ತೂಕ, ಅಂದರೆ ಎಷ್ಟು ಜಿಎಸ್‌ಎಂ, ಯುವಿ ಔಷಧ ಹಾಕಿದೆಯೋ ಇಲ್ಲವೋ ಕೇಳು. ತೊಗರಿ ರಾಶಿ ಮುಗಿದ ಸಂಜೆಯೇ ಮಡಚಿ ನೆರಳಿಗಿಡು. ಹರಿದ ಚೂರುಗಳನ್ನು ಬದುವಿಗೆ ಎಸೆಯಬೇಡ, ಭತ್ತದ ಗದ್ದೆಗೆ ಹಾರುತ್ತವೆ. ಯುವಿ-328 ಎಂಬ, ಕಿರಣ ನುಂಗುವ ಇಂಥದೇ ಔಷಧ ಬೇಗ ನಾಶವಾಗದೆ ಜೀವಿಗಳ ಮೈಯಲ್ಲಿ ಸೇರಿಕೊಳ್ಳುತ್ತದೆಂದು 2023ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ತೊಡೆದುಹಾಕುವ ಪಟ್ಟಿಗೆ ಸೇರಿಸಿವೆ. ಹರಿದದ್ದನ್ನು ಗುಜರಿಯವನಿಗೆ ಕೊಡು, ಎರಡು ಕಾಸಾದರೂ ಬಂದೀತು.