ಮಳೆನೀರು ಸಂಗ್ರಹಣೆ: ಸಣ್ಣ ಉದ್ದಿಮೆದಾರರಿಗೊಂದು ಸ್ಥಳೀಯ ಅವಕಾಶ

ಕಪಿಲಾ ತೀರದ ನಂಜನಗೂಡಿನಲ್ಲಿಯೂ ಕಾವೇರಿ–ಕಪಿಲಾ ಸಂಗಮದ ತಿ. ನರಸೀಪುರದಲ್ಲಿಯೂ ಮಳೆನೀರನ್ನು ಆಧರಿಸಿದ ಉದ್ದಿಮೆಗೆ ಅವಕಾಶವೆಲ್ಲಿದೆ ಎಂಬ ಸಂದೇಹ ಸಹಜ. ಆದರೆ ನದಿ ಸಮೀಪವಿದ್ದ ಮಾತ್ರಕ್ಕೆ ಕಾರ್ಖಾನೆಯ ನೀರಿನ ವೆಚ್ಚ ತಪ್ಪುವುದಿಲ್ಲ. ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಅಕ್ಕಿ ಗಿರಣಿಗಳು, ಉಗ್ರಾಣಗಳು ಹಾಗೂ ಕಲ್ಯಾಣ ಮಂಟಪಗಳ ವಿಶಾಲ ಛಾವಣಿಗಳೇ ಈ ಉದ್ದಿಮೆಯ ಮಾರುಕಟ್ಟೆ.

ಲೆಕ್ಕಾಚಾರ

ಒಂದು ಚದರ ಮೀಟರ್ ಛಾವಣಿಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು ದೊರೆಯುತ್ತದೆ. ವಾರ್ಷಿಕ ಮಳೆಯನ್ನು 700 ಮಿ.ಮೀ. ಎಂದೂ ಶೇ. 20ರಷ್ಟು ನಷ್ಟವೆಂದೂ ಎಣಿಸಿದರೆ, 1,000 ಚದರ ಮೀಟರ್ ಛಾವಣಿಯಿಂದ 5.6 ಲಕ್ಷ ಲೀಟರ್, ಅಂದರೆ 6,000 ಲೀಟರಿನ ಸುಮಾರು 93 ಟ್ಯಾಂಕರ್ ನೀರು ಲಭಿಸುತ್ತದೆ. ಇಷ್ಟನ್ನೂ ಒಮ್ಮೆಗೇ ಶೇಖರಿಸುವ ತೊಟ್ಟಿ ಅನಗತ್ಯ. 20 ಮಿ.ಮೀ. ಮಳೆಗೆ 16,000 ಲೀಟರ್ ಬರುವುದರಿಂದ, ಆ ಪ್ರಮಾಣದ ತೊಟ್ಟಿಯ ನೀರನ್ನು ನಿತ್ಯವೂ ಬಳಸಿದರೆ ಅದು ಋತುವಿನಲ್ಲಿ ಹಲವು ಬಾರಿ ತುಂಬುತ್ತದೆ.

ಸ್ಥಳಕ್ಕೆ ತಕ್ಕ ವಿನ್ಯಾಸ

2018 ಮತ್ತು 2019ರ ಆಗಸ್ಟ್‌ನಲ್ಲಿ ಕಪಿಲೆಯ ಪ್ರವಾಹದಿಂದ ಮೈಸೂರು–ನಂಜನಗೂಡು ರಸ್ತೆ ಜಲಾವೃತವಾಗಿತ್ತು. ಇಂತಹ ತಗ್ಗು ಪ್ರದೇಶದಲ್ಲಿ ಅಂತರ್ಜಲ ಮಟ್ಟ ಮೇಲಿರುವಾಗ ಇಂಗುಗುಂಡಿ ನಿಷ್ಪ್ರಯೋಜಕ. ಶೇಖರಣಾ ತೊಟ್ಟಿಯೇ ಸೂಕ್ತ. ನದಿಯಿಂದ ದೂರದ ಎತ್ತರದ ನಿವೇಶನಗಳಲ್ಲಿ ಕೊಳವೆಬಾವಿ ಮರುಪೂರಣಕ್ಕೆ ಅವಕಾಶವುಂಟು. ಆದರೆ ಎಣ್ಣೆ, ರಾಸಾಯನಿಕ ಬೆರೆತ ಅಂಗಳದ ನೀರನ್ನು ಎಂದಿಗೂ ಇಂಗಿಸಬಾರದು. ಶುದ್ಧ ಛಾವಣಿಯ ನೀರನ್ನು ಮಾತ್ರ, ಮೊದಲ ಮಳೆಯ ಕೊಳೆನೀರನ್ನು ಹೊರಹಾಕಿ, ಜಲ್ಲಿ–ಮರಳಿನ ಶೋಧಕದ ಮೂಲಕ ಹಾಯಿಸಬೇಕು.

ಆದಾಯದ ಮೂಲ

ಬೆಂಗಳೂರಿನಲ್ಲಿ 2009ರ ಕಾನೂನು ತಿದ್ದುಪಡಿಯು ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಸಂಗ್ರಹಣೆಯನ್ನು ಕಡ್ಡಾಯಗೊಳಿಸಿ ಬೇಡಿಕೆ ಸೃಷ್ಟಿಸಿತು. ಕೇವಲ ಕಾನೂನಿಗಾಗಿ ಅಳವಡಿಸಿದ ವ್ಯವಸ್ಥೆ ನಿರ್ವಹಣೆಯಿಲ್ಲದೆ ಹೂಳು ತುಂಬಿ ನಿಲ್ಲುತ್ತದೆ. ಆದ್ದರಿಂದ ಹೊಸ ಉದ್ದಿಮೆದಾರರು ಪೈಪು, ಶೋಧಕಗಳ ಅಳವಡಿಕೆಯೊಂದನ್ನೇ ನೆಚ್ಚದೆ ವಾರ್ಷಿಕ ನಿರ್ವಹಣಾ ಒಪ್ಪಂದವನ್ನೂ ಮಾರಬೇಕು. ಮುಂಗಾರಿಗೆ ಮುನ್ನ ಛಾವಣಿ, ದೋಣಿಗಳ ಶುಚಿತ್ವ, ಮಳೆಗಾಲದಲ್ಲಿ ಶೋಧಕದ ಪರಿಶೀಲನೆ, ನಂತರ ತೊಟ್ಟಿಯ ಹೂಳೆತ್ತುವಿಕೆ ಒಪ್ಪಂದದಲ್ಲಿ ಸೇರಿರಲಿ. ಒಮ್ಮೆ ದೊರೆತ ಗ್ರಾಹಕ ಪ್ರತಿವರ್ಷ ಆದಾಯ ತರುವುದು ಹೀಗೆಯೇ.

ಹಣಕಾಸಿನ ಎಚ್ಚರ

ಸಣ್ಣ ಸಂಸ್ಥೆಯನ್ನು ಮುಳುಗಿಸುವುದು ಸಾಮಾನ್ಯವಾಗಿ ಕೆಲಸದ ಕೊರತೆಯಲ್ಲ, ಬಾಕಿ ಹಣ. 2020ರ ಜುಲೈನಿಂದ ಜಾರಿಯಲ್ಲಿರುವ ಉಚಿತ ಉದ್ಯಮ್ ನೋಂದಣಿಯನ್ನು ಮೊದಲೇ ಪಡೆಯುವುದು ಒಳಿತು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯನ್ವಯ ಸೂಕ್ಷ್ಮ ಹಾಗೂ ಸಣ್ಣ ಘಟಕಗಳು ಪೂರೈಸಿದ ಸರಕು–ಸೇವೆಗಳಿಗೆ, ಲಿಖಿತ ಒಪ್ಪಂದವಿದ್ದರೂ, ಪಾವತಿಯ ಅವಧಿ 45 ದಿನ ಮೀರುವಂತಿಲ್ಲ. ಸಾಮಗ್ರಿಯ ಪೂರೈಕೆ, ಅಳವಡಿಕೆ, ನಿರ್ವಹಣೆಗಳಿಗೆ ಪ್ರತ್ಯೇಕ ಬಿಲ್ಲು ಮಾಡುವುದು, ಸಾಮಗ್ರಿಗೆ ಮುಂಗಡ ಪಡೆಯುವುದು ಕ್ಷೇಮಕರ.

ಮೊದಲ ವರ್ಷ ಹತ್ತಾರು ಮನೆಗಳಿಗಿಂತ ಒಂದೆರಡು ದೊಡ್ಡ ಛಾವಣಿಗಳನ್ನು ಆಯ್ದು, ಮೀಟರ್ ಅಳವಡಿಸಿ ಉಳಿತಾಯದ ದಾಖಲೆಯಿಡಬೇಕು. ನೆರೆಯ ಕಾರ್ಖಾನೆಯ ಮಾಲೀಕರನ್ನು ಒಪ್ಪಿಸಲು ಆ ಲೆಕ್ಕಪುಸ್ತಕಕ್ಕಿಂತ ಉತ್ತಮ ಜಾಹೀರಾತು ಬೇರೊಂದಿಲ್ಲ.