ಪರದೇಶದ ಸಂಬಳದ ಲೆಕ್ಕ

ದುಬಾಯಿಯಿಂದ ರಜೆಗೆ ಬಂದ ಕೂಲಿಯವನು ಪೆಟ್ಟಿಗೆ ಬಿಚ್ಚಿ ಅತ್ತರು, ಕಂಬಳಿ, ಖರ್ಜೂರಗಳನ್ನು ಹಂಚುವಾಗ ಅವನು ಧನಿಕನಾದನೆಂದು ನಾವು ಎಣಿಸುತ್ತೇವೆ. ಒಂದು ದಿರ್ಹಮಿಗೆ 20ಕ್ಕೂ ಮಿಕ್ಕ ರೂಪಾಯಿಗಳು ದೊರೆಯುವದು ನಿಜವೇ. ಆದರೆ ಅಲ್ಲಿ ತಿನ್ನುವ ರೊಟ್ಟಿಗೂ ದಿರ್ಹಮನ್ನೇ ತೆರಬೇಕಲ್ಲವೇ? ಅಲ್ಲಿಯ ಬಿಸಿಲು ಎಷ್ಟು ಘೋರವೆಂದರೆ, ಜೂನ್ 15ರಿಂದ ಸೆಪ್ಟೆಂಬರ್ 15ರ ವರೆಗೆ ಮಧ್ಯಾಹ್ನ 12-30ರಿಂದ 3 ಗಂಟೆಯ ತನಕ ಬಯಲಲ್ಲಿ ಕೆಲಸ ಮಾಡಿಸಕೂಡದೆಂದು ಸರಕಾರವೇ ವಿಧಿಸಿದೆ. ಏಜೆಂಟನಿಗಾಗಿ ಮಾಡಿದ ಸಾಲವು ಮೊದಲು ತೀರಬೇಕು. ನಮ್ಮ ದೇಶದ ಕಾನೂನಿನಂತೆ ಅವನು ತೆರಿಗೆಯ ಹೊರತು 30,000 ರೂಪಾಯಿಗಿಂತ ಹೆಚ್ಚು ತಕ್ಕೊಳ್ಳಬಾರದು. ಹೆಚ್ಚು ಕೊಟ್ಟು ಸುಮ್ಮನಿರುವವರೋ ಹಲವರು. ಇಂಥವನ ಬಳಿಯಲ್ಲಿ ನಾವು ಮದುವೆಯ ಖರ್ಚಿಗೂ ಸಭೆಯ ಮಾಡಿಗೂ ಹಣ ಕೇಳಿ, ಇಲ್ಲವೆಂದರೆ ಜಿಪುಣನೆನ್ನುತ್ತೇವೆ. ಆ ಪೆಟ್ಟಿಗೆ ತುಂಬಿಸಲಿಕ್ಕಾಗಿಯೂ ಸಾಲ ಮಾಡಿ ಬಂದವರುಂಟು. ಅದು ಅವರ ತಾಯಂದಿರಿಗೂ ತಿಳಿಯದು.