ಶೇಂಗಾ ಬಿತ್ತುವ ಮುನ್ನ ಕಾಳು ನೋಡಿ

ಭಟ್ಕಳ, ಹೊನ್ನಾವರ, ಕುಮಟಾದ ಗದ್ದೆಗಳಲ್ಲಿ ಭತ್ತ ಕೊಯ್ದ ಮೇಲೆ ಉಳಿದ ತೇವಕ್ಕೆ ಶೇಂಗಾ ಬಿತ್ತುವವರಿಗೊಂದು ಮಾತು. ಚೆನ್ನಾಗಿ ಮೊಳೆತ ಗಿಡ ಕೆಲವೇ ವಾರಗಳಲ್ಲಿ ಅಲ್ಲೊಂದು ಇಲ್ಲೊಂದು ಬಾಡಿತೇ? ಕಿತ್ತು ಬುಡ ನೋಡಿ. ಮಸಿ ಮೆತ್ತಿದಂತೆ ಕಪ್ಪು ಪುಡಿ ಕಂಡರೆ ಅದು ಬುಡಕೊಳೆ, ಆಸ್ಪರ್ಜಿಲಸ್ ನೈಗರ್ ಎಂಬ ಶಿಲೀಂಧ್ರದ ಕೆಲಸ. ಮಣ್ಣಿನಲ್ಲೂ ಇರುತ್ತದೆ, ಬೀಜದ ಜೊತೆಗೂ ಬರುತ್ತದೆ. ಸತ್ತ ಗಿಡದ ಜಾಗ ಕೊಯ್ಲಿನ ತನಕ ಖಾಲಿ. ಇಳುವರಿ ಸೋರುವುದು ಅಲ್ಲೇ. ಆಮೇಲೆ ಏನು ಹೊಡೆದರೂ ಆ ಗಿಡ ಬದುಕದು.

ಬಿತ್ತನೆ ಹತ್ತಿರ ಬಂದಾಗಲೇ ಕಾಯಿ ಬಿಡಿಸಿ. ಮೊರದಲ್ಲಿ ಹರಡಿ ಸುಕ್ಕಿದ, ಒಡೆದ, ಕೆಂಪು ಸಿಪ್ಪೆ ಹರಿದ ಕಾಳು ತೆಗೆಯಿರಿ. ಶಿಲೀಂಧ್ರಕ್ಕೆ ಆ ಗಾಯವೇ ಬಾಗಿಲು. ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಲೇಪಿಸಿ, ನೆರಳಲ್ಲಿ ಆರಿಸಿ, ಅಂದೇ ಬಿತ್ತಿ.